ಕಾಗೆ ಉಗುರಿನ ತಟ್ಟಿ

ಒದ್ದೆ ಉಣ್ಣೆಯನ್ನು ಕಡ್ಡಿಗೆ ಸುತ್ತುತ್ತಿದ್ದ ಜೂರಾಳ ಹೆಬ್ಬೆರಳು ಅಲ್ಲೇ ನಿಂತಿತು. ಕಂಬಳಿಯ ಆ ತುದಿಯಲ್ಲಿ ಅತ್ತೆ ಬಾತ್ಮಾ ಕಿರಿಯ ಸೊಸೆ ಮೀರಿಮ್‌ಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, "ಮೊದಲನೇ ಕಡ್ಡಿ ಹೀಗೆ ಶುರು ಮಾಡ್ಬೇಕು, ಮಗಳೇ," ಎಂದಳು.

ಮಗಳೇ! ಜೂರಾ ಈ ಮನೆಗೆ ಬಂದಾಗಿನಿಂದ 'ಏ ಜೂರಾ' ಆಗಿಯೇ ಇದ್ದಳು.

ಪಟ್ಟಣದಿಂದ ಬಂದ ಹುಡುಗಿ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ಮೀರಿಮ್‌ಳ ಬೆರಳುಗಳ ಕಡೆ ತಿರುಗಿಸಿದಳು. "ಈ ಚಿತ್ತಾರ ನಿಮ್ಮನೆ ಬಿಟ್ರೆ ಈ ಕಣಿವೇಲಿ ಯಾರಿಗೂ ಬರಲ್ವಂತೆ ಅಜ್ಜಿ. ನಿಮ್ಮ ಜೊತೇಲೇ ಮುಗಿದು ಹೋಗಬಾರ್ದು ಅಂತ ಬಂದೆ."

"ಮುಗಿಯೋಕೆ ನಾನೇನು ಈಗಲೇ ಗಂಟುಮೂಟೆ ಕಟ್ಟಿದ್ದೀನಾ?" ಬಾತ್ಮಾ ನಕ್ಕು, ಹುಳಿ ಬರಿಸಿದ ಕುದುರೆ ಹಾಲಿನ ಬಟ್ಟಲನ್ನು ಮುಂದೆ ಸರಿಸಿದಳು. "ಮೊದ್ಲು ಕುಮಿಸ್ ಕುಡಿ. ಹುಳಿ ಜಾಸ್ತಿ ಆಗಿದ್ರೆ ದೊಡ್ಡ ಸೊಸೇನ ಬೈಯಿ. ಚೆನ್ನಾಗಿದ್ರೆ ಕುದುರೇನ ಹೊಗಳು."

ಎಲ್ಲರೂ ನಕ್ಕರು. ಜೂರಾ ಕೂಡ, ಹಲ್ಲು ಕಾಣುವಷ್ಟು.

ಮನೆಯ ಹಳೆಯ ತಟ್ಟಿ ಕಳೆದ ಚಳಿಗಾಲ ಒಲೆಯ ಕಿಡಿ ಹಾರಿ ಸುಟ್ಟುಹೋಗಿತ್ತು, ಈಗ ಹೊಸದರ ಕೆಲಸ. ಆಳೆತ್ತರದ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ಬಣ್ಣದ ಉಣ್ಣೆಯಲ್ಲಿ ಸುತ್ತಿ, ಸಾಲಾಗಿ ಹೆಣೆದ ತಟ್ಟಿ ಅದು. ಅಡುಗೆಯ ಮೂಲೆಯನ್ನು ಮರೆಮಾಡಿ ನಿಲ್ಲುತ್ತಿತ್ತು. ಒಂಟಿ ಕಡ್ಡಿಯನ್ನು ನೋಡಿದರೆ ತುಂಡು ತುಂಡು ಬಣ್ಣ, ಅಷ್ಟೇ. ಸಾಲು ಕೂಡಿದಾಗ ಎದುರುಬದುರಾದ ಟಗರಿನ ಕೊಂಬುಗಳು ಮೂಡುತ್ತಿದ್ದವು, ಅವುಗಳ ನಡುವೆ ಕಾಗೆಯ ಉಗುರು. ಕೊಂಬು ಎಲ್ಲರ ಮನೆಯಲ್ಲೂ ಇತ್ತು. ಉಗುರು ಈ ಮನೆಯದು ಮಾತ್ರ.

ಮೊದಲ ಕಡ್ಡಿಗಳನ್ನು ಬಾತ್ಮಾ ಯಾವಾಗಲೂ ಬಾಗಿಲಿಗೆ ಬೆನ್ನು ಹಾಕಿ ಕೂತು ಸುತ್ತುತ್ತಿದ್ದಳು. ಕೆಂಪು, ಕಪ್ಪು ಮುಗಿಸಿ, ನಡುವೆ ಒಂದಿಷ್ಟು ಬರಿದು ಬಿಟ್ಟು ಜೂರಾಳತ್ತ ಎಸೆಯುತ್ತಿದ್ದಳು: "ಬಿಳಿ ನೀನು ಸುತ್ತು. ಕೈ ತೊಳ್ಕೊಂಡು ಮುಟ್ಟು." ಬಿಳಿ ಬೇಗ ಕೊಳೆಯಾಗುತ್ತದೆ, ಅದು ಬೇಸರದ ಕೆಲಸ. ಆಮೇಲೆ ಒಂದು ಕಡ್ಡಿಯ ಪಕ್ಕ ಇನ್ನೊಂದನ್ನಿಟ್ಟು, ಬಣ್ಣ ಬದಲಾಗುವ ಜಾಗವನ್ನು ಉಗುರಿನಷ್ಟು ಸರಿಸುತ್ತಾ ಜೂರಾ ಮುಂದುವರಿಸಬೇಕು. ಚಿತ್ತಾರದ ಬಾಲ ಜೂರಾಳಿಗೆ, ತಲೆ ಅತ್ತೆಗೆ. ತಲೆ ಕೇಳುವ ಹಾಗಿರಲಿಲ್ಲ. ತಂದೆತಾಯಿಯ ಮನೆ, ಒಲೆ ಕಿರಿಯ ಮಗನಿಗೆ. ಚಿತ್ತಾರ ಒಲೆಯ ಜೊತೆ ಕಿರಿಯ ಸೊಸೆಗೆ. ಈ ನಿಯಮ ಜೂರಾಳಿಗೆ ಮೊದಲಿನಿಂದಲೂ ಗೊತ್ತು. ಆಗ ಆ ಕಿರಿಯ ಮಗನಿಗೆ ಇನ್ನೂ ಮೂಗು ಸೋರುತ್ತಿತ್ತು. ಮೂಗು ಒರೆಸಿದ್ದು ನಾನು, ಒಲೆ ಸಿಕ್ಕಿದ್ದು ಇವಳಿಗೆ ಎಂದುಕೊಂಡಳು. ಇಳಿಜಾರಿನ ಕೆಳಗಿದ್ದ ಅವಳ ಸ್ವಂತ ಮನೆಯ ಅಡುಗೆ ಮೂಲೆಗೆ ಗಿಳಿಗಳಿದ್ದ ಪ್ಲಾಸ್ಟಿಕ್ ಪರದೆ ನೇತಾಡುತ್ತಿತ್ತು.

ಮೀರಿಮ್‌ಳ ಕೈ ಒರಟಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಉಣ್ಣೆ ಅವಳ ಬೆರಳಿಗೆ ಸಾಕಿದ ಕುರಿಮರಿಯಂತೆ ಒಗ್ಗುತ್ತಿತ್ತು.

"ಕೊಂಬಿನ ತುದಿ ಕೆಂಪು," ಬಾತ್ಮಾ ಹೇಳುತ್ತಿದ್ದಳು. "ಕೆಂಪು ಮುಗೀತಾ? ಅದಕ್ಕೆ ಅಂಟಿಕೊಂಡ ಹಾಗೆ ಕಪ್ಪು. ಅಲ್ಲಿಂದ ಉಗುರು."

ಜೂರಾ ತಲೆ ಎತ್ತಿದಳು. ಕೆಂಪಿಗೂ ಕಪ್ಪಿಗೂ ನಡುವೆ ಬಿಳಿ ಬರಬೇಕು. ಬಿಳಿ ಇಲ್ಲದಿದ್ದರೆ ಉಗುರು ಕೊಂಬಿನೊಳಗೆ ಮುಳುಗಿಹೋಗುತ್ತದೆ. ಅತ್ತೆಯ ಕಣ್ಣಿಗೆ ಪೊರೆ ಬಂದು, ವಸಂತದಿಂದ ಅವಳು ಬಟ್ಟಲಿಗೆ ಬೆರಳಿಳಿಸಿ ಚಹಾ ಅಳೆಯುವುದನ್ನು ಜೂರಾ ನೋಡಿದ್ದಳು. ಆದರೆ ಇದು ಕಣ್ಣಿನ ತಪ್ಪಲ್ಲ. ಅತ್ತೆ ಬಿಳಿಯನ್ನು ಒಮ್ಮೆಯೂ ಸುತ್ತಿದವಳಲ್ಲ. ಹಾಗಾಗಿ ಅದು ಅವಳ ಬಾಯಿಗೆ ಬರಲಿಲ್ಲ.

ಮೀರಿಮ್ ಐದಾರು ಕಡ್ಡಿ ಮುಗಿಸಿ ಪಕ್ಕಪಕ್ಕ ಇಟ್ಟಳು. ಹುಬ್ಬು ಗಂಟಿಕ್ಕಿದವು. "ಅಕ್ಕಾ, ಇದು ಸರಿ ಇದ್ಯಾ? ನೀವು ಇಷ್ಟು ವರ್ಷ ಸುತ್ತಿದ್ದೀರ..."

"ನಂಗೇನೇ ಗೊತ್ತು? ಮೊದಲನೇ ಕಡ್ಡಿ ಹೇಳಿಕೊಟ್ಟಿದ್ದು ನಿಂಗೆ. ಅತ್ತೇನೇ ಕೇಳ್ಕೋ."

ಬಾತ್ಮಾ ಕಡ್ಡಿಗಳ ಮೇಲೆ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು, ಹಿಂದೆ ಹೋಯಿತು, ಮತ್ತೆ ಬಂತು. "ಏ ಜೂರಾ," ಎಂದಳು ಮೆಲ್ಲಗೆ. "ನೀನು ನೋಡು. ಸರಿ ಇದ್ಯಾ?"

ಅತ್ತೆ ಒಂದು ದಿನ ತನ್ನನ್ನು ಹೀಗೆ ಕೇಳಲಿ ಎಂದು ಜೂರಾ ಎಷ್ಟು ಚಳಿಗಾಲ ಕಾದಿದ್ದಳೋ. ಈಗ ಕೇಳಿದಳು, ಮೀರಿಮ್‌ಳ ಕೆಲಸಕ್ಕಾಗಿ. ತಾನು ಬಾಯಿ ಮುಚ್ಚಿಕೊಂಡರೆ ಸಾಕು, ಉಗುರು ಇಲ್ಲಿಗೆ ಮುಗಿಯಿತು. ಕ್ಯಾಮೆರಾದಲ್ಲಿ ಇಲ್ಲ, ಒಲೆಯ ಬಳಿಯೂ ಇಲ್ಲ.

"ಸರಿಯಾಗಿದೆ ಅತ್ತೆ," ಎಂದಳು.

ಪಟ್ಟಣದ ಹುಡುಗಿ ಖುಷಿಯಿಂದ ಎಲ್ಲರನ್ನೂ ತಬ್ಬಿಕೊಂಡು ಜೀಪು ಹತ್ತಿದಳು. ಮೀರಿಮ್ ಕುದುರೆಗಳ ಹಾಲು ಕರೆಯಲು ಬಕೆಟ್ ಹಿಡಿದು ಹೋದಳು. ಬಾತ್ಮಾ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾಳೆ ಬೆಳಿಗ್ಗೆ ಹೆಣೆಯಲು ಕೂರುವುದು. ಹೆಣೆದ ಮೇಲೆ ಮುಗಿಯಿತು, ತಿದ್ದುವ ಹಾಗಿಲ್ಲ.

ಜೂರಾ ಹೊಸ್ತಿಲವರೆಗೆ ಹೋದಳು. ಶಾಲೆಯಿಂದ ಮಕ್ಕಳು ಬರುವ ಹೊತ್ತು, ಹಿಟ್ಟು ಕಲಸಬೇಕು. ಬೂಟಿಗೆ ಕಾಲು ತೂರಿಸಿದವಳು ಹಾಗೇ ತಿರುಗಿ, ಕಿರಿಯವಳ ಕಡ್ಡಿಗಳತ್ತ ನೋಡಿದಳು. ಕೆಂಪಿನೊಳಗೆ ಕಪ್ಪು ನುಗ್ಗಿ, ಹೊಗೆ ಹಿಡಿದ ಗೋಡೆಯ ಹಾಗಿತ್ತು. ತೊಟ್ಟಿಲನ್ನು ಕಾಲಲ್ಲಿ ತೂಗುತ್ತಾ, ಮತ್ತೆ ಮತ್ತೆ ಕೈ ತೊಳೆದು ತಾನು ಸುತ್ತಿದ್ದ ಆ ಬಿಳಿಯೆಲ್ಲ ಎಂದೂ ಇರಲೇ ಇಲ್ಲವೇನೋ ಅನ್ನುವ ಹಾಗೆ.

ಬೂಟು ಕಳಚಿದಳು. ಕಂಬಳಿಯ ಮೇಲೆ ಕೂತು ಒಂದು ಕಡ್ಡಿಯಿಂದ ಕಪ್ಪು ಉಣ್ಣೆ ಬಿಚ್ಚತೊಡಗಿದಳು. ಅರೆ ಒಣಗಿದ ಉಣ್ಣೆ ಕಡ್ಡಿಯನ್ನು ಬಿಡುವಾಗ ಸಣ್ಣಗೆ ಚರಚರ ಸದ್ದಾಯಿತು. ಕೈ ತಡೆದು ಹಾಸಿಗೆಯತ್ತ ನೋಡಿದಳು. ಬಾತ್ಮಾ ಅಲುಗಲಿಲ್ಲ. ಎರಡನೆಯ ಕಡ್ಡಿ ಬಿಚ್ಚಿದಳು. ಮೂರನೆಯದು.

"ಬಿಳಿ ಉಣ್ಣೆ ಪೆಟ್ಟಿಗೆ ತಳದಲ್ಲಿದೆ," ಎಂದಿತು ಗೋಡೆಯ ಕಡೆ ತಿರುಗಿದ್ದ ಮುಖ. "ಕೈ ತೊಳ್ಕೊಂಡು ಮುಟ್ಟು."

ಜೂರಾ ಎದ್ದಳು. ಕೈ ತೊಳೆದಳು. ಪೆಟ್ಟಿಗೆಯ ತಳದಿಂದ ಉಣ್ಣೆ ತೆಗೆದು, ಕಡ್ಡಿಗಳನ್ನೆಲ್ಲ ಸರಿಮಾಡಿ ಮೊದಲಿದ್ದಂತೆಯೇ ಜೋಡಿಸಿಟ್ಟಳು. ಕೊಂಬಿನಿಂದ ಬೇರೆಯಾಗಿ ಉಗುರು ಮೂರು ಬೆರಳು ಚಾಚಿ ಕೂತಿತ್ತು. ಪೆಟ್ಟಿಗೆ ಮುಚ್ಚುವ ಮೊದಲು ಕ್ಷಣ ಹೊತ್ತು ನಿಂತಳು. ಕೊಂಬಿನ ತುದಿ ಕೆಂಪು, ಅಲ್ಲಿಂದ ಉಗುರು: ಅತ್ತೆ ಇವತ್ತು ಕಿರಿಯವಳಿಗೆ ಹೇಳಿದ್ದೆಲ್ಲ ತನ್ನ ಕಿವಿಗೂ ಬಿದ್ದಿತ್ತು. ಇನ್ನೊಂದು ದೊಡ್ಡ ಉಂಡೆ ಬಿಳಿ ಉಣ್ಣೆ ತೆಗೆದು ಅಂಗಿಯೊಳಗೆ ಸೇರಿಸಿಕೊಂಡಳು.

"ಹೊರಟ್ರಾ ಅಕ್ಕಾ?" ಕುದುರೆಯ ಹೊಟ್ಟೆಯ ಮರೆಯಿಂದ ಮೀರಿಮ್ ಕೂಗಿದಳು. "ಹಾಲು ತಗೊಂಡು ಹೋಗಿ!"

"ಬೇಡ, ಮನೇಲಿದೆ."

ಮನೆಯಲ್ಲಿ ಮಕ್ಕಳು ಇನ್ನೂ ಬಂದಿರಲಿಲ್ಲ. ಒಲೆ ಹೊತ್ತಿಸುವ ಮೊದಲು ಜೂರಾ ಗಿಳಿಗಳ ಪರದೆಯನ್ನು ಕೊಕ್ಕೆಯಿಂದ ತೆಗೆದು ಮಡಚಿಟ್ಟಳು. ಬರಿದಾದ ಆ ಜಾಗದಲ್ಲಿ ನಿಂತು, ಎರಡೂ ಕೈ ಚಾಚಿ, ಈ ಗೋಡೆಯಿಂದ ಆ ಗೋಡೆಗೆ ಅಳೆದಳು.