ಮರಿಯ ಹೊಟ್ಟೆಯೊಳಗಿನ ಕಪ್ಪು ಕೊಬ್ಬು

ಸತ್ತ ಎರಡನೆಯ ಮರಿಯ ಹೊಟ್ಟೆಯನ್ನು ಸುಂಕಮ್ಮ ತಾನೇ ಕೊಯ್ದು ನೋಡಿದ್ದಳು. ಅನುಮಾನ ಗಟ್ಟಿಯಾದದ್ದು ಆಗಲೇ. ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದವಳು. ಹಬ್ಬಕ್ಕೆ ಕುರಿ ಕೊಯ್ದಾಗ ಮೂತ್ರಪಿಂಡದ ಸುತ್ತಲಿನ ಕೊಬ್ಬು ಹೇಗಿರುತ್ತದೆ ಎಂಬುದು ಅವಳಿಗೆ ಹೊಸದಲ್ಲ. ಬೆಣ್ಣೆಯಷ್ಟು ಬೆಳ್ಳಗಿರುತ್ತದೆ. ಈ ಮರಿಯಲ್ಲಿ ಅದು ಹೆಪ್ಪುಗಟ್ಟಿದ ರಕ್ತದ ಹಾಗೆ ಕಪ್ಪುಗೆಂಪಾಗಿ, ಲೋಳೆಲೋಳೆಯಾಗಿ ಅಂಟಿಕೊಂಡಿತ್ತು.

ವಿಷ ಬೀಳದೆ ಕೊಬ್ಬು ಕಪ್ಪಾಗುತ್ತದೆಯೇ? ಹಾಕಿದವನನ್ನು ಹುಡುಕಲು ಅವಳು ದೂರ ಹೋಗಬೇಕಿರಲಿಲ್ಲ. ಮೈದುನ ಪಾಲಪ್ಪ, ಸಂಡೂರಿನಿಂದ ಹೊಸಪೇಟೆಗೆ ಹೋಗುವ ರಸ್ತೆ ಬದಿಯ ತನ್ನ ಪಾಲಿನ ಹೊಲವನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಕೊಟ್ಟಿದ್ದ. ಕುರಿಹಟ್ಟಿ ಇದ್ದ ಅಣ್ಣನ ಪಾಲೂ ಸೇರಿದರೆ ಟಿಪ್ಪರ್ ತಿರುಗಿಸಲು ಅನುಕೂಲ. ದೀಪಾವಳಿಯಿಂದಲೂ ಕೇಳುತ್ತಲೇ ಇದ್ದ. ಸುಂಕಮ್ಮ ಬ್ಯಾಡ ಅಂದಿದ್ದಳು. ಅದಾದ ಮೇಲೆ ಮರಿಗಳು ಸಾಯತೊಡಗಿದವು.

ಗಂಡ ಮೈಲಾರಲಿಂಗಪ್ಪ ದೊಡ್ಡ ಹಿಂಡು ಹೊಡೆದುಕೊಂಡು, ಕೊಯ್ಲು ಮುಗಿದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಲು ಕಂಪ್ಲಿ ಕಡೆ ಹೋಗಿದ್ದ. ಗಬ್ಬದ ಕುರಿಗಳಷ್ಟೇ ಹಟ್ಟಿಯಲ್ಲಿದ್ದವು. ಮರಿ ಹಾಕಿಸುವ ಕೆಲಸ ಮೊದಲೆಲ್ಲ ಅತ್ತೆಯದು; ಆಕೆ ಮಳೆಗಾಲದಲ್ಲಿ ತೀರಿಕೊಂಡ ಮೇಲೆ ಸುಂಕಮ್ಮನ ಪಾಲಿಗೆ ಬಂತು. ಹುಟ್ಟಿದ ಮರಿಯ ಒದ್ದೆ ಮೈಗೆ ಅದಿರಿನ ರಾಶಿಯಿಂದ ಹಾರಿಬಂದ ಕೆಂಧೂಳು ಕೂತು ಕೆಸರಾಗುತ್ತಿತ್ತು. ಆ ಧೂಳಿನಲ್ಲಿ ಪಾಲಪ್ಪ ಏನು ಬೆರೆಸಿದ್ದಾನೋ ಎಂದು, ತಾಯಿ ನೆಕ್ಕುವ ಮೊದಲೇ ಮರಿಯನ್ನು ಎತ್ತಿ ತೊಳೆದು ಒರೆಸಿ ಬಿಡುತ್ತಿದ್ದಳು. ಆದರೂ ಮೂರು ಮರಿ ಸತ್ತವು. ನಾಲ್ಕನೆಯದು ಬೆಳಗಿನ ಜಾವ ಹುಟ್ಟಿ ಬುಟ್ಟಿಯ ಕೆಳಗೆ ನಡುಗುತ್ತಿತ್ತು.

ಆ ಸಂಜೆ ಈ ನ್ಯಾಯ ಬಗೆಹರಿಸಲು ಊರಿನ ಹಿರಿಯರು ಕಟ್ಟೆಯ ಮೇಲೆ ಕೂಡುವವರಿದ್ದರು. ವಿಷ ಹಾಕಿದ್ದು ನಿಜವೆಂದಾದರೆ ಪಾಲಪ್ಪನ ಅದಿರಿನ ರಾಶಿ ಅಲ್ಲಿಂದ ಏಳಬೇಕಾಗುತ್ತಿತ್ತು. ಸುಳ್ಳಾದರೆ, ಹಟ್ಟಿಯ ಜಾಗ ಉಳಿಸಿಕೊಳ್ಳಲು ಸುಂಕಮ್ಮನ ಪರವಾಗಿ ಮಾತಾಡುವವರು ಯಾರೂ ಇರುತ್ತಿರಲಿಲ್ಲ. ಅದಕ್ಕೇ ಅವಳು ಮೂರನೆಯ ಮರಿಯನ್ನು ಮುಟ್ಟದೆ ಇಟ್ಟು, ಸಂಡೂರಿಗೆ ಹೇಳಿಕಳಿಸಿ ಪಶುವೈದ್ಯರನ್ನು ಕರೆಸಿದ್ದಳು.

ಡಾಕ್ಟರ್ ನಾಗೇಂದ್ರಪ್ಪ ಬಂದಿಳಿದದ್ದು ಪಾಲಪ್ಪನ ಜೀಪಿನಿಂದ.

"ಬಸ್ಸು ಟಿಪ್ಪರ್ ಸಾಲಿನಾಗ ಸಿಕ್ಕೊಂಡಿತ್ತಮ್ಮ. ನಡಕೊಂಡು ಬರೋದು ನೋಡಿ ಇವ್ರು ಹತ್ತಿಸ್ಕೊಂಡ್ರು," ಎಂದರು ಡಾಕ್ಟರು.

"ಹತ್ತಿಸ್ಕೊಳ್ಳಲಾರದ ಬಿಡ್ತಾನೇನ್ರಿ? ದಾರ್ಯಾಗ ಚಾನೂ ಕುಡಿಸಿರ್ತಾನ."

"ಕುಡಿಸೀನಿ ಅತ್ತಿಗಿ," ಪಾಲಪ್ಪ ನಕ್ಕ. "ಸಕ್ಕರಿ ಮಾತ್ರ ಹಾಕಿಸಿದ್ದೆ."

"ನೀ ಅಲ್ಲೇ ಬೇಲಿ ಹೊರಗ ನಿಂದ್ರು. ಹಟ್ಟಿಯೊಳಗ ಕಾಲಿಡಬ್ಯಾಡ."

ಡಾಕ್ಟರು ಗೋಣಿಚೀಲದ ಮೇಲೆ ಮರಿಯನ್ನು ಮಲಗಿಸಿ ಕೊಯ್ದರು. ಸುಂಕಮ್ಮ ಅವರ ಕೈಯನ್ನೇ ನೋಡುತ್ತ ನಿಂತಳು. ಅದೇ ಕಪ್ಪು ಕೊಬ್ಬು.

"ನೋಡ್ರಿ, ಕರ್ರಗಾಗೈತಿ. ವಿಷ ಅಲ್ದ ಇನ್ನೇನು?"

ಡಾಕ್ಟರು ಮರಿಯ ಹೊಟ್ಟೆಯ ಚೀಲ ಬಿಡಿಸಿದರು. ಒಂದು ಹನಿ ಹಾಲಿರಲಿಲ್ಲ.

"ದೊಡ್ಡ ಕುರಿ ಕೊಬ್ಬಿಗೂ ಇದಕ್ಕೂ ತಾಳೆ ಹಾಕಬ್ಯಾಡ್ರಿ. ಇದರ ಜಾತಿ ಬ್ಯಾರೆ," ಎಂದರು.

"ಕೊಬ್ಬಿನಾಗೂ ಜಾತಿ ಐತೇನ್ರಿ?"

"ಐತಿ. ಆದ್ರ ಅಲ್ಲಿ ಜಾತಿ ಬದಲಾಗತೈತಿ." ಡಾಕ್ಟರು ಚಾಕುವಿನ ತುದಿಯಿಂದ ಕೊಬ್ಬನ್ನು ಎತ್ತಿ ತೋರಿಸಿದರು. "ಬಿಳಿ ಕೊಬ್ಬು ಅಂದ್ರ ಕೂಡಿಡೋ ಕಣಜ. ಮರಿ ಹುಟ್ಟುವಾಗ ತರೋ ಈ ಕಂದು ಕೊಬ್ಬು ಒಲಿ. ಮೈ ಬೆಚ್ಚಗಿಡಾಕ ಇದರ ಜೀವಕೋಶಗಳು ತಮ್ಮೊಳಗಿನ ಕೊಬ್ಬನ್ನ ತಾವೇ ಸುಡ್ತಾವ. ಹಾಲು ಸಿಕ್ಕು ಬದುಕಿದ್ರ ಮೂರ್ನಾಕು ವಾರದಾಗ ಒಲಿ ಆರಿ, ಅದೇ ಜಾಗದಾಗ ಬಿಳಿ ಕೊಬ್ಬು ಆಗತೈತಿ. ಹಬ್ಬಕ್ಕ ನೀವು ನೋಡೋದು ಅದನ್ನ. ಹುಟ್ಟಿದಾಗ ಇದೂ ದಪ್ಪಗ, ತಿಳಿ ಬಣ್ಣ ಇರತೈತಿ. ಉರುವಲು ತೀರಿದಂಗ ಹಿಂಗ ಕಪ್ಪಾಗಿ ಇಳೀತೈತಿ. ಈ ಮರಿ ಒಮ್ಮಿಗೇ ಸತ್ತಿಲ್ಲಮ್ಮ. ಇದ್ದಬದ್ದ ಕೊಬ್ಬೆಲ್ಲ ಸುಟ್ಕೊಂಡು, ಹಸಿವಿಗೆ ಚಳಿಗೆ ಸತ್ತೈತಿ."

"ವಿಷದ ಸಂಕಟಕ್ಕ ಹಾಲು ಬಿಟ್ಟಿರಬೇಕು."

"ನನಗ ಹಂಗ ಕಾಣೂದಿಲ್ಲ. ಆದ್ರೂ ಲ್ಯಾಬಿಗೆ ಒಂದು ತುಂಡು ಕಳಸ್ತೀನಿ. ಬದುಕಿರೋ ಮರಿ ಐತೇನು?"

ಸುಂಕಮ್ಮ ಬುಟ್ಟಿಯ ಮೇಲೆ ಕೈ ಇಟ್ಟುಕೊಂಡೇ ನಿಂತಳು. ಪಾಲಪ್ಪನ ಚಹಾ ಕುಡಿದು ಬಂದ ಮನುಷ್ಯ. ಇದ್ದ ಒಂದು ಮರಿಯನ್ನೂ ಮುಗಿಸಿ ಹೋದರೆ ಕೇಳುವವರು ಯಾರು?

"ಸೂಜಿ ಹಾಕಬ್ಯಾಡ್ರಿ."

"ನಾ ಮುಟ್ಟೋದೇ ಇಲ್ಲ. ಅದರ ತಾಯಿ ಹತ್ರ ನೀವೇ ಬಿಡ್ರಿ."

ಬಿಟ್ಟಳು. ಮರಿ ತಡವರಿಸುತ್ತ ಕೆಚ್ಚಲ ಕಡೆ ಹೋಯಿತು. ಕುರಿ ಅದರ ಬಾಲದ ಬುಡವನ್ನು ಮೂಸಿ ಹಿಂದೆ ಸರಿಯಿತು. ಮತ್ತೆ ಹತ್ತಿರ ಬಂದಾಗ ತಲೆಯಿಂದ ಗುದ್ದಿತು. ಮರಿ ಮೊಣಕಾಲೂರಿ ಬಿತ್ತು.

"ಸತ್ತ ಮೂರಕ್ಕೂ ಹಿಂಗೇ ಮಾಡಿದ್ವು," ಎಂದಳು ಸುಂಕಮ್ಮ. "ಸಾಯೋ ಮರಿ ಯಾವುದು ಅಂತ ತಾಯಿಗೆ ತಿಳೀತೈತಿ."

ಬೇಲಿಯ ಹೊರಗಿನಿಂದ ಪಾಲಪ್ಪ ಕೇಳಿದ. "ಅತ್ತಿಗಿ, ಮರಿಗೆ ಸೋಪು ಹಚ್ಚೀರೇನು?"

ಅವಳು ಉತ್ತರ ಹೇಳಿದ್ದು ಡಾಕ್ಟರಿಗೆ. "ಹಚ್ಚಲಾರದ ಆ ಧೂಳು ಹೋಗತೈತೇನ್ರಿ?"

ಡಾಕ್ಟರು ಬಗ್ಗಿ ಮರಿಯನ್ನು ಮೂಸಿ ನೋಡಿದರು. "ಬಟ್ಟಿ ಸೋಪಿನ ವಾಸನಿ. ಕುರಿ ತನ್ನ ಮರಿ ಗುರುತು ಹಿಡಿಯೋದೇ ವಾಸನಿ ಮ್ಯಾಲಮ್ಮ. ಹುಟ್ಟಿದ ಕೂಡ್ಲೆ ಅದನ್ನ ತೊಳೆದ್ರ, ಇದು ನಂದಲ್ಲ ಅಂತ ನೂಕಿಬಿಡತೈತಿ."

"ಅವ್ವ ಎಳೇ ಮರಿಗೆ ನೀರು ಮುಟ್ಟಿಸ್ತಿದ್ದಿಲ್ಲ," ಎಂದ ಪಾಲಪ್ಪ. "ನನ್ನ ಒಳಗ ಬಿಟ್ಟಿದ್ರ ಮೊದ್ಲನೇ ಮರಿಗೇ ಹೇಳ್ತಿದ್ದೆ."

ಸುಂಕಮ್ಮ ಇಬ್ಬರ ಮುಖವನ್ನೂ ನೋಡಿದಳು. ಜೀಪಿನಲ್ಲೇ ಮಾತಾಡಿಕೊಂಡು ಬಂದಿರಬಹುದು. ಆದರೆ ಕುರಿಗೆ ಯಾರೂ ಚಹಾ ಕುಡಿಸಿರಲಿಲ್ಲ. ಅದು ಈಗಲೂ ಮರಿಗೆ ಬೆನ್ನು ತಿರುಗಿಸಿ ನಿಂತಿತ್ತು.

"ಇದರೊಳಗಿನ ಒಲಿ ಇನ್ನೂ ಆರಿಲ್ಲ. ಭಾಳ ಹೊತ್ತು ಉರಿಯೂದೂ ಇಲ್ಲ," ಎಂದರು ಡಾಕ್ಟರು, ರಕ್ತ ಮೆತ್ತಿದ ಕೈಯನ್ನು ದೂರ ಹಿಡಿದು. "ನಾ ಮುಟ್ಟಿದ್ರ ಮತ್ತೊಂದು ವಾಸನಿ. ಯಾರಾದ್ರು ಕುರಿ ತಲಿ ಹಿಡೀರಿ. ನೀವು ಹಾಲು ಹಿಂಡಿ ಮರಿ ಮೈಗೆಲ್ಲ ಸವರ್ರಿ."

ಪಾಲಪ್ಪ ಬೇಲಿಯ ಹತ್ತಿರವೇ ನಿಂತಿದ್ದ. ಒಳಗೆ ಬರಲಿಲ್ಲ.

"ಬಾ ಒಳಗ," ಎಂದಳು ಸುಂಕಮ್ಮ, ಅವನ ಕಡೆ ನೋಡದೆ.

ಅವನು ಕುರಿಯ ಕುತ್ತಿಗೆಯನ್ನು ತೊಡೆಗಳ ನಡುವೆ ಅಮುಕಿ ಹಿಡಿದ. ಅವಳು ಹಳದಿ ಗಿಣ್ಣುಹಾಲನ್ನು ಅಂಗೈಗೆ ಹಿಂಡಿ ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿದಳು. ಆಮೇಲೆ ಮೊಲೆತೊಟ್ಟನ್ನು ಅದರ ಬಾಯಿಗಿಟ್ಟಳು. ಮೊದಲು ಹಾಲು ಕಟವಾಯಿಂದ ಹೊರಗೆ ಹರಿಯಿತು. ಸ್ವಲ್ಪ ಹೊತ್ತಿಗೆ ಗಂಟಲು ಆಡಿತು.

"ಸಂಜಿಗೆ ಕಟ್ಟಿ ಮ್ಯಾಲ ಏನಂತೀರಿ ಅತ್ತಿಗಿ?"

"ನೀ ವಿಷ ಹಾಕಿಲ್ಲ ಅಂತೀನಿ."

ಪಾಲಪ್ಪನ ಹಿಡಿತ ಸಡಿಲಾಯಿತು.

"ತಲಿ ಬಿಡಬ್ಯಾಡ, ಇನ್ನೂ ಕುಡ್ಯಾಕತ್ತೈತಿ. ಸೋಪು ಹಚ್ಚಿದಾಕಿ ನಾನೇ ಅಂತಾನೂ ಹೇಳ್ತೀನಿ. ಎಳೇ ಮರಿಗೆ ಸೋಪು ಯಾಕ ಹಚ್ಚಿದ್ಯವ್ವ ಅಂತ ಹಿರೇರು ಕೇಳ್ತಾರ. ಅದಕ್ಕ ನಿನ್ನ ರಾಶಿ ಕಡಿ ಕೈ ತೋರಸ್ತೀನಿ."

ಪಾಲಪ್ಪ ಈ ಸಲ ನಗಲಿಲ್ಲ. ಕುರಿಯ ತಲೆಯನ್ನು ಹಿಡಿದೇ ಇದ್ದ.