ಬೆನ್ನಮ್ಮ

ನಮ್ಮ ಕೇರಿಯಲ್ಲಿ ಚರ್ಮ ಹದ ಮಾಡುತ್ತಾರೆ. ಹಾಗಾಗಿ ಬ್ಯೂನಸ್ ಐರಿಸ್‌ನ ಯಾವ ಫುಟ್‌ಬಾಲ್ ತಂಡ ಬಂದರೂ ಮೂಗು ಮುಚ್ಚಿಕೊಂಡೇ ಮೈದಾನಕ್ಕೆ ಇಳಿಯುತ್ತದೆ. ನಾವೇನು ಮಾಡಿದೆವು? ಗ್ಯಾಲರಿಗೆ ಉದ್ದದ ಬ್ಯಾನರ್ ಕಟ್ಟಿದೆವು: ‘ಹೌದು, ನಾರುತ್ತೇವೆ. ಏನೀಗ?’ ನಮ್ಮ ಕ್ಲಬ್ಬಿನ ಹೆಸರೇ ಕುರ್ತಿದೋರೆಸ್, ಚರ್ಮ ಹದ ಮಾಡುವವರು ಅಂತ. ನಾವಿರುವುದೇ ಹಾಗೆ. ಒಂದು ಕಪ್ಪೂ ಗೆದ್ದಿಲ್ಲ, ಒಂದು ದಿನವೂ ತಲೆ ತಗ್ಗಿಸಿಲ್ಲ.

ನಾನು ಎತೆಲ್ವೀನಾ, ವಯಸ್ಸು ಎಪ್ಪತ್ತೆಂಟು. ಇಪ್ಪತ್ತೊಂಬತ್ತು ವರ್ಷದ ಹಿಂದೆ, ಹನ್ನೊಂದು ಆಟ ಗೋಲಿಲ್ಲದೆ ಕಂಗಾಲಾಗಿದ್ದಾಗ, ನನ್ನ ಸಾಸೇಜ್ ಬ್ರೆಡ್ಡು ಕೈಜಾರಿ ಬಿತ್ತು. ಹೆಕ್ಕಿಕೊಳ್ಳಲು ಮೈದಾನಕ್ಕೆ ಬೆನ್ನು ಹಾಕಿ ಬಗ್ಗಿದೆ. ಗೋಲು! ಮುಂದಿನ ವಾರ ಜನ ನನ್ನನ್ನು ಬೇಕೆಂದೇ ತಿರುಗಿಸಿ ನಿಲ್ಲಿಸಿದರು. ಮತ್ತೆ ಗೋಲು! ಅಂದಿನಿಂದ ಚೆಂಡು ಎದುರಾಳಿಯ ಗೋಲಿನ ಹತ್ತಿರ ಹೋದರೆ ಸಾಕು, ಇಡೀ ಗ್ಯಾಲರಿ ‘ಬೆನ್ನಮ್ಮಾ!’ ಎಂದು ಕೂಗುತ್ತದೆ. ಬೇಲಿ ಹಿಡಿದು ನಿಂತ ನಾನು ಗಿರಕ್ಕನೆ ತಿರುಗುತ್ತೇನೆ. ಆಮೇಲೆ ನಮ್ಮವರ ಒಂದು ಗೋಲನ್ನೂ ಕಣ್ಣಾರೆ ಕಂಡಿಲ್ಲ. ನಮ್ಮ ಮೇಲೆ ಬಿದ್ದ ಗೋಲುಗಳನ್ನು ಮಾತ್ರ ಕಣ್ತುಂಬ ನೋಡಿದ್ದೇನೆ, ಅವಕ್ಕೇನೂ ಬರವಿಲ್ಲ.

ಈ ವರ್ಷ ನನ್ನ ಕಣ್ಣು ಮಂಜಾಗುತ್ತ ಬಂತು. ಮುಂದಿನ ಸೀಸನ್ನಿಗೆ ಏನೂ ಕಾಣಿಸುವುದಿಲ್ಲ ಎಂದರು ಡಾಕ್ಟರು. ಸಾಯುವ ಮುಂಚೆ ಒಂದೇ ಒಂದು ಗೋಲು ನೋಡಬೇಕೆಂಬ ಆಸೆ ನನಗಿತ್ತು, ಯಾಕೆ ಸುಳ್ಳು ಹೇಳಲಿ. ಮೈದುನ ರುಫೀನೋಗೆ ಮಾತ್ರ ಹೇಳಿದ್ದೆ. ಅವನಿಗೆ ಹೇಳುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ.

ಕೊನೆಯ ಆಟ ಬಂತು. ಗೆಲ್ಲದಿದ್ದರೆ ಕ್ಲಬ್ಬು ಕೆಳಗಿನ ದರ್ಜೆಗೆ ಬೀಳುತ್ತದೆ. ಕೊನೆಯ ನಿಮಿಷದವರೆಗೂ ಸೊನ್ನೆ-ಸೊನ್ನೆ. ಆಗ ನಮಗೊಂದು ಪೆನಾಲ್ಟಿ ಸಿಕ್ಕಿತು. ಗ್ಯಾಲರಿಯ ಕೂಗಿಗೆ ಕಾದೆ. ಯಾರೂ ಉಸಿರೆತ್ತಲಿಲ್ಲ.

“ಅತ್ತಿಗೆ, ಇವತ್ತು ತಿರುಗ್ಬೇಡಿ,” ಅಂದ ರುಫೀನೋ. “ಎಲ್ರೂ ಮಾತಾಡ್ಕೊಂಡಿದೀವಿ. ನೋಡ್ಬಿಡಿ.”

“ಗೋಲಾಗ್ದಿದ್ರೆ?”

“ಕೆಳಗೆ ಬೀಳ್ತೀವಿ. ಬೀಳೋದು ನಮಗೇನು ಹೊಸದಾ?”

ಎದುರಾಳಿಗಳ ಕಡೆಯಿಂದ ಒಬ್ಬ ಅರಚಿದ: “ಏ ಬೆನ್ನಮ್ಮ, ತಿರುಗೇ! ನಿನ್ ಮುಖಕ್ಕಿಂತ ಬೆನ್ನೇ ವಾಸಿ!”

“ನೀನು ಹುಟ್ಟಿದಾಗ ನಿಮ್ಮಮ್ಮನೂ ಹಂಗೇ ಅಂದಿದ್ಲು ಕಣೋ!” ಅಂದೆ.

ನಮ್ಮ ಕ್ಯಾಪ್ಟನ್ ಬೈಗೋರಿಯಾ ಚೆಂಡಿಟ್ಟು ನನ್ನತ್ತ ಕೈಯೆತ್ತಿದ. “ನೋಡಜ್ಜಿ!”

ದೂರದ ಚೆಂಡು ಬಿಳಿ ಚುಕ್ಕೆಯಂತೆ ಕಂಡಿತು. ಚರ್ಮ ನೆನೆಸುವ ಸುಣ್ಣದ ನೀರಿನಲ್ಲಿ ಕೈ ಬಿರಿದ ನಾಲ್ಕು ಸಾವಿರ ಜನ, ಒಬ್ಬ ಮುದುಕಿಯ ಆಸೆಗೆ ತಮ್ಮ ಕ್ಲಬ್ಬನ್ನೇ ಪಣಕ್ಕಿಟ್ಟು ನಿಂತಿದ್ದರು. ಇಂಥ ಜನ ಯಾವ ಶ್ರೀಮಂತ ಕ್ಲಬ್ಬಿಗಿದ್ದಾರೆ? ಹೆಮ್ಮೆಯಾಯಿತು. ಹಿಂದೆಯೇ ಸಿಟ್ಟೂ ಬಂತು.

“ತಲೆ ಕೆಟ್ಟಿದೆಯೇನ್ರೋ ನಿಮಗೆಲ್ಲ?” ಎಂದು ಬೈದು ತಿರುಗಿಬಿಟ್ಟೆ.

ಹತ್ತಿರದ್ದು ನನಗಿನ್ನೂ ಚೆನ್ನಾಗಿಯೇ ಕಾಣುತ್ತಿತ್ತು. ಮುಂದಿನ ಸಾಲುಗಳ ಕಣ್ಣುಗಳೆಲ್ಲ ಒಟ್ಟಿಗೆ ಒಂದೇ ಕಡೆ ಹೊರಳಿ ಕೆಳಗಿಳಿದವು. ಆಮೇಲೆ ಬಾಯಿಗಳು ತೆರೆದವು. ರುಫೀನೋನ ಕಟ್ಟಿಸಿದ ಹಲ್ಲು ಹಾರಿ ನನ್ನ ಕಾಲ ಬಳಿ ಬಿತ್ತು.

“ಎಡಗಡೆ, ಕೆಳಗಿನ ಮೂಲೆ,” ಎಂದು ಹಲ್ಲು ಹೆಕ್ಕಿ ಅವನ ಕೈಗಿಟ್ಟೆ.

“ಹೌದು ಅತ್ತಿಗೆ! ನೀವು ನೋಡ್ಲೇ ಇಲ್ವಲ್ಲ, ಹೆಂಗ್ ಗೊತ್ತಾಯ್ತು?” ಅವನು ಅಳುತ್ತಿದ್ದ.

“ಇಪ್ಪತ್ತೊಂಬತ್ತು ವರ್ಷದಿಂದ ನೋಡ್ತಾನೇ ಇದೀನಿ ಕಣೋ. ಗೋಲು ಬಿದ್ದಾಗ ನಿಮ್ಮ ಮುಖಗಳು ಹೆಂಗಿರ್ತವೆ ಅಂತ ಈ ಊರಲ್ಲಿ ಕಂಡಿರೋಳು ನಾನೊಬ್ಳೇ.”