ಹಿಂದಿನ ಬಲಗಡೆಯ ಚಕ್ರ

ಟಪ್ — ಇಲ್ಲ, ಇನ್ನೂ ಟಪ್ ಎಂದೇ ಅನ್ನುತ್ತಿದೆ, ನೀರು ತುಂಬಿದ ಗಡಿಗೆಗೆ ಬೆರಳು ಬಡಿದ ಹಾಗೆ, ಬಿಟ್ಟುಕೊಂಡ ಬ್ರೇಕ್ ಡ್ರಮ್ಮಾದರೆ ಟಣ್ ಎನ್ನಬೇಕು, ಇದು ಒಳಗೆ ಹಲ್ಲು ಕಚ್ಚಿಕೊಂಡು ಕೂತಿದೆ, ಕೂರಲಿ, ನನಗೆ ಅವಸರವಿಲ್ಲ, ಅವಸರ ಇರುವುದು ಆ ಬೆಂಚಿನ ಮೇಲೆ ಕೊಡೆಯನ್ನು ಮೊಣಕಾಲುಗಳ ನಡುವೆ ಊರಿಕೊಂಡು ಕೂತವರಿಗೆ, ಕಡಬದ ಬೋಜಪ್ಪ ಗೌಡರಿಗೆ, ಸತ್ತ ನನ್ನ ಅಕ್ಕನ ಗಂಡನಿಗೆ, ಬಾವನಿಗೆ — ಬಾವ ಎಂಬ ಆ ಶಬ್ದ ಏಳು ಮಳೆಗಾಲದಿಂದ ಈ ಬಾಯಲ್ಲಿ ಬಂದಿಲ್ಲ, ಇವತ್ತೂ ಬಂದಿಲ್ಲ, ಬಂದಾಗ ಎದ್ದು ನಿಲ್ಲಲೂ ಇಲ್ಲ, ಕೂತುಕೊಳ್ಳಿ ಎಂದದ್ದು ಮೊಯ್ದಿನಬ್ಬ, ಕಾರು ಈಗ ಅವನದು, ಈ ಹಳೆಯ ಆಸ್ಟಿನ್ನನ್ನು ಕೊಂಡು ಲಾರಿಗೆ ಏರಿಸಿ ಪುತ್ತೂರಿಗೆ, ನನ್ನ ಈ ಶೆಡ್ಡಿಗೆ ತಂದಿಳಿಸಿದವನು ಅವನು, ನಂಬರು ಇನ್ನೂ ಮದರಾಸು ಸರಕಾರದ ಕಾಲದ್ದೇ, ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟ ಗುರುತು, ಬಾಗಿಲ ಸಂದಿಯಲ್ಲಿ ಹುಲ್ಲು. ಒಡೆದು ತೆಗಿ ಮಾರಾಯ, ಎಷ್ಟು ಹೊತ್ತು ಕುಟ್ಟುದು, ಎನ್ನುತ್ತಾರೆ ಗೌಡರು, ನನಗಲ್ಲ, ಗೋಡೆಗೆ. ಬೀಡುಕಬ್ಬಿಣ ಗೌಡ್ರೆ ಅದು, ಒಡೆದ್ರೆ ಹಪ್ಪಳ, ಮತ್ತೆ ನಾನು ನಾಲ್ಕನೇ ಚಕ್ರಕ್ಕೆ ತೆಂಗಿನ ಗೆರಟೆ ಕಟ್ಟುದಾ, ಎನ್ನುತ್ತಾನೆ ಮೊಯ್ದಿನಬ್ಬ, ತಾನೇ ನಗುತ್ತಾನೆ, ಯಾರೂ ನಗುವುದಿಲ್ಲ. ನಾನು ಸೀಮೆಎಣ್ಣೆಯ ಡಬ್ಬಿ ಓರೆ ಮಾಡಿ ನಡುವಿನ ಸಂದಿಗೆ ಇನ್ನೊಂದು ಸುತ್ತು ಬಿಡುತ್ತೇನೆ, ಎಣ್ಣೆ ಕೆಂಪಾಗಿ ಹೊರಗೆ ಬರುತ್ತದೆ, ಎಲೆಯಡಿಕೆ ಉಗುಳಿದ ಹಾಗೆ, ನಾನು ಇದೇ ಕಾರು ಓಡಿಸುವಾಗ ಅಕ್ಕ ಹೀಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಉಗುಳುತ್ತಿದ್ದಳು, ತಮ್ಮಾ ಸ್ವಲ್ಪ ಮೆಲ್ಲ ಬಿಡು, ಗಾಳಿಗೆ ನನ್ನ ಮುಖಕ್ಕೇ ಬರ್ತದೆ —

ಒಡೆಯುವುದಿಲ್ಲ, ಒಡೆದರೆ ಗೀರು ಹೋಗುತ್ತದೆ, ಒಳಗಿನ ಗೀರುಗಳೇ ನನಗೆ ಬೇಕಾದ್ದು. ಅವರಿಗೆ ಅದು ಗೊತ್ತಿಲ್ಲ. ಅಥವಾ ಗೊತ್ತುಂಟು, ಗೊತ್ತಿದ್ದೂ ಮರೆತಿದ್ದಾರೆ, ದೊಡ್ಡ ಮನೆಯವರಿಗೆ ಮರೆಯುವುದು ಸುಲಭ, ನಾನು ಹೇಳಿದ್ದೆ, ಅಂಗಳದಲ್ಲಿ ನಿಂತು ಹೇಳಿದ್ದೆ, ಬಾವ, ಹಿಂದಿನ ಬಲಗಡೆ ಚಕ್ರ ಕೂಗ್ತಾ ಉಂಟು, ಬ್ರೇಕಿನ ಲೈನಿಂಗ್ ಸವೆದು ಮುಗಿದಿದೆ, ಅದನ್ನು ಶೂವಿಗೆ ಬಿಗಿದ ರಿವೆಟ್ಟು ಡ್ರಮ್ಮಿಗೆ ಉಜ್ಜುವ ಸದ್ದು ಅದು, ಉಳಿದ ಮೂರೂ ಹೆಚ್ಚು ಕಡಿಮೆ ಹಾಗೆಯೇ, ಹೀಗೆ ಓಡಿಸುದು ಬೇಡ — ಹೊಸಕ್ಕಿ ಊಟ ಒಂದು ಮುಗಿಯಲಿ, ಮತ್ತೆ ನೋಡುವ, ನೀನು ಡ್ರೈವರ, ಫಿಟ್ಟರಲ್ಲ, ಎಂದಿದ್ದರು ಅವರು. ಸರಿ, ಫಿಟ್ಟರಲ್ಲ ಆಗ. ಅಕ್ಕನಿಗೆ ಸುಳ್ಯದ ತವರಿಗೆ ಹೊಸಕ್ಕಿ ಊಟಕ್ಕೆ ಹೋಗಬೇಕಿತ್ತು, ಕುಮಾರಧಾರೆಯ ಕಡವಿಗೆ ಇಳಿಯುವ ಆ ಇಳಿಜಾರು, ಹಿಂದಿನ ದಿನ ಮಳೆ ಬಂದು ಕೆಂಪು ಮಣ್ಣು ಬೆಣ್ಣೆಯಾಗಿತ್ತು, ಕೆಳಗೆ ಕಾರು ದಾಟಿಸುವ ಜೋಡಿದೋಣಿ ಕಾಯುತ್ತಿತ್ತು, ದೋಣಿಯವನು ಕೈ ಎತ್ತಿದ್ದು ಕಾಣುತ್ತಿತ್ತು, ನಾನು ಪೆಡಲು ತುಳಿದೆ, ಕರ್ರ್ ಎಂದಿತು, ಇನ್ನೊಮ್ಮೆ ತುಳಿದೆ, ಕಾಲು ನೆಲಕ್ಕೆ ಮುಟ್ಟಿತು, ಹಿಂದಿನ ಸೀಟಿನಲ್ಲಿ ಅಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದಳು, ಕೂಗಲಿಲ್ಲ, ನನ್ನ ಹೆಗಲ ಮೇಲೆ ಕೈ ಇಟ್ಟಳು, ಬಲ ಹೆಗಲ ಮೇಲೆ, ಐದು ಬೆರಳು, ಅಷ್ಟೇ, ಆಮೇಲೆ ಹೊಳೆಬದಿಯ ಮಾವಿನ ಮರ. ಪೊಲೀಸು ಠಾಣೆಯಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ನನ್ನ ಖಾಕಿ ಅಂಗಿಯ ಹೆಗಲ ಮೇಲೆ ನೋಡಿಕೊಂಡೆ, ನಾಲ್ಕು ಬೆರಳಿನ ಗುರುತಿಲ್ಲ, ಹೆಬ್ಬೆರಳಿನದು ಮಾತ್ರ ಉಂಟು, ಸುಣ್ಣದ್ದು, ಬೆಳ್ಳಗೆ, ಗೆರೆ ಸಹಿತ.

ಟಪ್. ಸುತ್ತಲೂ ಮರದ ತುಂಡು ಇಟ್ಟು ಒಂದೇ ಸಮ ಬಡಿಯಬೇಕು, ಒಂದೇ ಕಡೆ ಬಡಿದರೆ ಓರೆಯಾಗಿ ಇನ್ನಷ್ಟು ಕಚ್ಚುತ್ತದೆ, ಹ್ಯಾಂಡ್ ಬ್ರೇಕಿನ ತಂತಿ ಬಿಚ್ಚಿದ್ದಾಯಿತು, ಹಿಂದಿನ ಅಡ್ಜಸ್ಟರು ಸಡಿಲಿಸಿದ್ದಾಯಿತು, ಸ್ಕ್ರೂಗಳ ತಲೆ ತುಕ್ಕಿನಲ್ಲಿ ಕರಗಿ ಹೋಗಿತ್ತು, ಅವನ್ನು ಉಳಿಯಿಂದ ಕಡಿದದ್ದಾಯಿತು, ಇನ್ನು ಬೆಂಕಿ. ಬ್ಲೋಲ್ಯಾಂಪಿಗೆ ಗಾಳಿ ಹಾಕುತ್ತೇನೆ. ಬೆಂಕಿ ಕಂಡು ಗೌಡರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹೆದರಿಕೆ. ಕೋರ್ಟಿನಲ್ಲಿ ಹೆದರಲಿಲ್ಲ, ಬ್ರೇಕು ಕೈ ಕೊಟ್ಟಿತು ಸ್ವಾಮಿ ಎಂದು ನಾನು ಹೇಳಿದರೆ, ಕೈ ಕೊಟ್ಟದ್ದು ಬ್ರೇಕಲ್ಲ, ಡ್ರೈವರ, ಹಿಂದಿನ ಸಂಜೆ ಕಳ್ಳು ಕುಡಿದಿದ್ದ ಎಂದರು, ಹಿಂದಿನ ಸಂಜೆ ಕುಡಿದ ಕಳ್ಳು ಮರುದಿನ ಹತ್ತು ಗಂಟೆಗೆ ಪೆಡಲು ತಿನ್ನುತ್ತದೆಯೋ, ಯಾರೂ ಕೇಳಲಿಲ್ಲ, ಕಾರು ನೋಡಲು ಬಂದ ಸಾಹೇಬರು ಪೆಡಲು ಒತ್ತಿ ನೋಡಿದರು, ಚಕ್ರ ಬಿಚ್ಚಿಸಲಿಲ್ಲ, ಮುಗಿಯಿತು, ನಾನು ಜೈಲಿಗೆ, ಲೈಸೆನ್ಸು ಗಾಳಿಗೆ. ಅಷ್ಟಕ್ಕೇ ಬಿಟ್ಟಿದ್ದರೆ — ಬಿಡಲಿಲ್ಲ, ಊರಿನ ಬಾಯಿ ಮುಚ್ಚಿಸಬೇಕಲ್ಲ, ಹೆಂಡತಿಯನ್ನು ಕೊಂದ ಗಂಡ ಅನ್ನಿಸಿಕೊಳ್ಳಬಾರದಲ್ಲ, ಮನೆಯ ದೈವದ ಎದುರು ಹತ್ತು ಜನರನ್ನು ನಿಲ್ಲಿಸಿ ಮಾತು ಕೊಟ್ಟರು, ನನ್ನ ಕಾರಿನ ಬ್ರೇಕು ಸರಿ ಇತ್ತು, ಈ ಮಾತು ಸುಳ್ಳಾದರೆ ಆ ಕಾರು ಇನ್ನು ಉರುಳದೆ ಹೋಗಲಿ. ದೊಡ್ಡ ಮಾತು. ಮತ್ತೆ ಮನೆಗೆ ಬಂದು ಕಾರನ್ನು ಗಾಡಿಕೊಟ್ಟಿಗೆಗೆ ಹಾಕಿಸಿ, ನೆಲ ಇಳಿಜಾರು ಉಂಟೆಂದು ತನ್ನ ಕೈಯಿಂದಲೇ ಹ್ಯಾಂಡ್ ಬ್ರೇಕು ಎಳೆದು, ಬಾಗಿಲು ಹಾಕಿಕೊಂಡರು. ಏಳು ಮಳೆಗಾಲ! ಹ್ಯಾಂಡ್ ಬ್ರೇಕು ಎಳೆದಿಟ್ಟ ಡ್ರಮ್ಮು ಏಳು ಮಳೆಗಾಲ ನಿಂತರೆ ಏನಾಗುತ್ತದೆ ಎಂದು ತಿಳಿಯಲು ದೈವ ಬೇಡ.

ಜೈಲಿನಿಂದ ಬಂದ ಮೇಲೆ ನಾನು ಇಲ್ಲಿ ಸ್ಪ್ಯಾನರು ಹಿಡಿದು ಫಿಟ್ಟರಾದೆ, ಅವರು ಅಲ್ಲಿ ಬಾಗಿಲು ಹಾಕಿಕೊಂಡರು, ಆಮೇಲೆ ಮೊಯ್ದಿನಬ್ಬ ಟ್ಯಾಕ್ಸಿ ಮಾಡುತ್ತೇನೆಂದು ಆ ಕಾರು ಕೇಳಲು ಹೋದದ್ದು, ನಾಲ್ಕು ಆಳು ದೂಡಿದರೂ ಅಲುಗದೆ ಹೋದದ್ದು, ಕಡಬದಲ್ಲಿ ಎದ್ದ ಸುದ್ದಿ ಸವಣೂರಿನ ಸಂತೆಯಲ್ಲಿ ಉಪ್ಪು ಖಾರ ಹಚ್ಚಿಕೊಂಡು ಸುಳ್ಯಕ್ಕೆ ಇಳಿಯಿತು, ದೈವ ಚಕ್ರ ಹಿಡಿದಿದೆ, ಬೋಜಪ್ಪ ಗೌಡನ ಮಾತು ಸುಳ್ಳು. ನನಗೆ ಅದನ್ನು ಹೇಳಿದ್ದು ಹೋಟೆಲಿನಲ್ಲಿ, ನಾನು ಗಂಜಿ ಉಣ್ಣುತ್ತಿದ್ದೆ, ನಗು ನೆತ್ತಿಗೆ ಹತ್ತಿತು. ಹ್ಯಾಂಡ್ ಬ್ರೇಕು ಬಿಟ್ಟ ಮೇಲೆ ಮೂರು ಚಕ್ರ ಉರುಳುತ್ತದಂತೆ, ಹಿಂದಿನ ಬಲಗಡೆಯದ್ದು ಮಾತ್ರ ಇಲ್ಲವಂತೆ. ಗೊತ್ತಿತ್ತು ನನಗೆ, ತುಕ್ಕು ಅದು, ಬರೀ ತುಕ್ಕು, ಆದರೂ ಬಾಯಿ ಬಿಡಲಿಲ್ಲ, ನನ್ನನ್ನು ಕಂಡರೆ ದಾಟಿ ಹೋಗುತ್ತಿದ್ದವರು ಈಗ ನಿಂತು, ಹೇಗಿದ್ದೀ ಬೆಳ್ಯಪ್ಪ, ನಿನ್ನ ಮೇಲೆ ಸುಮ್ಮನೆ ಅಪವಾದ ಬಂತು ಮಾರಾಯ ಎನ್ನುತ್ತಿದ್ದರು, ತುಕ್ಕು ನನ್ನ ಪರವಾಗಿ ಸಾಕ್ಷಿ ಹೇಳುತ್ತಿತ್ತು, ಹೇಳಲಿ. ಆದರೆ ಮಗಳಿಗೆ ಸಂಬಂಧ ಬಂತು, ಶೀಲಾವತಿಗೆ, ಅಕ್ಕನ ಮಗಳಿಗೆ, ಸುಳ್ಯದ ಕಡೆಯಿಂದ, ಒಳ್ಳೆಯ ಮನೆ, ಎಲ್ಲ ಒಪ್ಪಿ ಹೋದವರು ಹೇಳಿ ಕಳಿಸಿದರು, ಮೊದಲು ಕಾರು ಉರುಳಲಿ, ಮತ್ತೆ ದಿಬ್ಬಣದ ಮಾತು. ಆಗ ಇಳಿದು ಬಂದರು ಗೌಡರು. ಪುತ್ತೂರಿನ ಬೇರೆ ಫಿಟ್ಟರುಗಳೆಲ್ಲ, ದೈವ ಹಿಡಿದ ಚಕ್ರಕ್ಕೆ ನಾವು ಕೈ ಹಾಕುದಿಲ್ಲ ಎಂದು ಬಾಗಿಲು ತೋರಿಸಿದರು. ನಿನಗೆ ಹೆದರಿಕೆ ಎಂತ ಬೆಳ್ಯಪ್ಪಣ್ಣ, ಎಂದ ಮೊಯ್ದಿನಬ್ಬ, ಆ ದೈವ ನಿನ್ನ ಪಾರ್ಟಿ ಅಲ್ವ.

ಒಪ್ಪಿಕೊಂಡದ್ದು ಯಾಕೆ, ಆಗುವುದಿಲ್ಲ ಎನ್ನಬಹುದಿತ್ತು, ಎರಡು ದಿನ ಕುಟ್ಟಿದ ಹಾಗೆ ಮಾಡಿ, ಇದು ಮನುಷ್ಯರ ಕೈಯ ಕೆಲಸವಲ್ಲ ಎಂದು ಕೈ ಒರೆಸಿಕೊಂಡಿದ್ದರೆ ಊರು ನಂಬುತ್ತಿತ್ತು, ಅವರ ಮನೆ ಬಾಗಿಲಿಗೆ ಯಾವ ದಿಬ್ಬಣವೂ ಬಾರದೆ ಹೋಗುತ್ತಿತ್ತು, ರಾತ್ರಿ ಹಾಸಿಗೆಯಲ್ಲಿ ಅದನ್ನೇ ಚೀಪುತ್ತಾ ಮಲಗಿದ್ದೆ. ಆ ಹುಡುಗಿ — ಸವಣೂರಿನ ಪೇಟೆಯಲ್ಲಿ ಒಮ್ಮೆ ಎದುರಾದಳು, ಅಕ್ಕನದೇ ನಡಿಗೆ, ಎಡಗಾಲು ಸ್ವಲ್ಪ ಹೊರಗೆ, ನನ್ನ ಗುರುತು ಹಿಡಿದಳು, ಸೆರಗು ಬಿಗಿ ಹಿಡಿದು ರಸ್ತೆ ದಾಟಿದಳು, ಅಮ್ಮನನ್ನು ಕೊಂದ ಕುಡುಕ ಮಾವ, ಹಾಗೆ ಹೇಳಿಕೊಟ್ಟಿದ್ದಾರೆ, ದಾಟಲಿ, ಮದುವೆಯಾಗದೆ ಕೂರಲಿ, ನನಗೆಂತ — ಇಲ್ಲ, ಅವಳಿಗಾಗಿ ಒಪ್ಪಿಕೊಂಡದ್ದಲ್ಲ ನಾನು, ತೆಗೆದು ತೋರಿಸಲಿಕ್ಕೆ, ಇವರ ಕಣ್ಣಿಗೆ, ಬೇರೆ ಯಾರಿಗೂ ಅಲ್ಲ, ತುಕ್ಕು ಊರಿಗೆ ಸಾಕು, ಇವರಿಗೆ ರಿವೆಟ್ಟು ಬೇಕು.

ಡ್ರಮ್ಮಿನ ಸುತ್ತ ಬೆಂಕಿ ತಿರುಗಿಸುತ್ತೇನೆ, ತುಕ್ಕು ಹೊಗೆಯಾಡುತ್ತದೆ, ಹಳೆಯ ಗ್ರೀಸು ಸುಟ್ಟ ವಾಸನೆ, ಈಗ ಸುತ್ತಿಗೆ, ಮರದ ತುಂಡು, ಟಪ್, ಸ್ವಲ್ಪ ಬದಿಗೆ, ಟಪ್, ಕೆಳಗೆ, ಟಪ್, ಮೇಲೆ, ಟ — ಟಣ್. ಕೈಗೆ ಮೊದಲು ಗೊತ್ತಾಯಿತು, ಕಿವಿಗೆ ಆಮೇಲೆ. ಯಾ ಅಲ್ಲಾ, ಪಡೆದವನೇ ಎಂದು ಮೊಯ್ದಿನಬ್ಬ ತೊಡೆಗೆ ಹೊಡೆದುಕೊಂಡ. ಡ್ರಮ್ಮನ್ನು ಗೋಣಿಯಲ್ಲಿ ಹಿಡಿದು ಎಳೆದೆ, ಬಂತು, ಎದೆಗೆ ಬಂದು ಬಿತ್ತು, ಮಗುವಿನಷ್ಟು ಭಾರ, ಬಿಸಿ. ಒಳಗೆ ಬ್ರೇಕಿನ ಬಾಗಿದ ಎರಡು ಶೂ, ಬತ್ತಲೆ, ಲೈನಿಂಗಿನ ಒಂದು ನೂಲೂ ಇಲ್ಲ. ಗೌಡರು ಎದ್ದು ಬಂದಿದ್ದಾರೆ, ನನ್ನ ಹಿಂದೆ ಉಸಿರು ಕೇಳುತ್ತದೆ. ತುಕ್ಕು ತಿಂದದ್ದು, ಎನ್ನುತ್ತಾರೆ. ನಾನು ಅರದ ತುದಿಯಿಂದ ಒಂದು ರಿವೆಟ್ಟು ಕೆರೆಯುತ್ತೇನೆ, ಹಳದಿ ಮಿಂಚಿತು, ಹಿತ್ತಾಳೆ, ತಲೆ ಸವೆದು ಚಪ್ಪಟೆ, ಪಕ್ಕದ್ದು ಕೆರೆಯುತ್ತೇನೆ, ಅದೂ ಚಪ್ಪಟೆ, ಹಿತ್ತಾಳೆಯನ್ನು ತುಕ್ಕು ತಿನ್ನುವುದಿಲ್ಲ, ಮನೆಯಲ್ಲಿ ಹಿತ್ತಾಳೆಯ ದೀಪ ಉಂಟಲ್ಲ, ಗೊತ್ತಿರಬೇಕು ಅವರಿಗೆ. ಡ್ರಮ್ಮಿನ ಒಳಗೋಡೆಯನ್ನು ಸೀಮೆಎಣ್ಣೆಯ ಚಿಂದಿಯಿಂದ ಉಜ್ಜಿ, ಬೆಂಚಿನ ಮೇಲೆ ಅವರ ಕೊಡೆಯ ಪಕ್ಕದಲ್ಲಿಟ್ಟೆ, ಬೆರಳಿಟ್ಟು ನೋಡಿ ಬಾವ ಎಂದೆ — ಬಂದೇ ಬಿಟ್ಟಿತು ಶಬ್ದ, ಇದಕ್ಕೆಂದೇ ಇಷ್ಟು ವರ್ಷ ಉಳಿಸಿಟ್ಟ ಹಾಗೆ. ಅವರು ಬೆರಳಿಟ್ಟರು. ರಿವೆಟ್ಟು ಕೊರೆದ ಗೀರಿನೊಳಗೆ ಉಗುರು ಇಳಿಯಿತು, ಬೆರಳು ಸುತ್ತು ಬಂತು, ಹೊರಟಲ್ಲಿಗೇ ಬಂತು, ಇನ್ನೊಂದು ಸುತ್ತು ಹೋಯಿತು. ನಾನು ಅವರ ಮುಖ ನೋಡುತ್ತಾ ಇದ್ದೆ, ಮುಖದಲ್ಲಿ ಇಷ್ಟು ವರ್ಷ ನಾನು ಕಾದದ್ದು ಬಂತೋ ಇಲ್ಲವೋ ತಿಳಿಯಲಿಲ್ಲ, ಗಡ್ಡದಲ್ಲಿ ಬಿಳಿ ಬಂದಿದೆ, ಅದು ಕಂಡಿತು.

ಸಾಲದು. ಶೂ ಎರಡನ್ನೂ ಬಿಚ್ಚಿ ಬೆಂಚಿನ ಮೇಲಿಟ್ಟು, ಖಾಲಿ ಡ್ರಮ್ಮನ್ನೇ ಏರಿಸಿ, ಚಕ್ರ ಕಟ್ಟಿ, ಜಾಕಿ ಇಳಿಸಿದೆ, ಈಗ ಒಂದು ಮಗು ದೂಡಿದರೂ ಉರುಳುತ್ತದೆ, ಶೆಡ್ಡಿನ ಎದುರು ನಾಲ್ಕು ಜನ ಸೇರಿದ್ದಾರೆ, ನೋಡಲಿಕ್ಕೆಂದೇ ಬಂದವರು, ಸುಳ್ಯಕ್ಕೆ ಸುದ್ದಿ ಒಯ್ಯಲಿಕ್ಕೆ. ದೂಡುವ ದೂಡುವ ಎಂದು ಮೊಯ್ದಿನಬ್ಬ ಲುಂಗಿ ಮಡಚಿ ಕಟ್ಟಿದ. ನೀನು ಬೇಡ, ಅವರು ದೂಡಲಿ, ಎಂದೆ, ಮಾತು ಕೊಟ್ಟದ್ದು ಅವರು, ಉರುಳಿಸಲಿಕ್ಕೂ ಅವರ ಕೈಯೇ ಬೇಕು. ಇದು ನಾನು ಮೊದಲೇ ಯೋಚಿಸಿದ್ದಲ್ಲ, ಆ ಕ್ಷಣಕ್ಕೆ ಬಾಯಿಗೆ ಬಂದದ್ದು, ಬಂದ ಮೇಲೆ ಅದರ ರುಚಿ ಗೊತ್ತಾಯಿತು. ದೂಡಿದರೆ ಉರುಳುತ್ತದೆ, ಉರುಳಿದರೆ ಊರಿನ ಕಣ್ಣಿಗೆ ಅವರ ಮಾತು ಸತ್ಯ, ಅವರ ಬೆರಳಿಗೆ ಮಾತ್ರ ಸುಳ್ಳು, ಹೊತ್ತುಕೊಂಡು ಹೋಗಲಿ ಅದನ್ನು ದೈವದ ಎದುರಿಗೆ. ಗೌಡರು ಕೊಡೆ ಬದಿಗಿಟ್ಟರು. ಹಿಂದಿನಿಂದ ಕಾರಿಗೆ ಎರಡೂ ಕೈ ಕೊಟ್ಟು ನಿಂತರು. ದೂಡಿ ಮಾರಾಯ್ರೆ, ಎಂತ ನೋಡುದು, ಎನ್ನುತ್ತಾನೆ ಮೊಯ್ದಿನಬ್ಬ. ನಿಂತೇ ಇದ್ದಾರೆ. ತೋಳಿನ ನರ ಎದ್ದಿದೆ, ಆದರೆ ಅದು ದೂಡುವ ಬಲವಲ್ಲ, ತಡೆಯುವ ಬಲ, ನನಗೆ ಗೊತ್ತಾಗುತ್ತದೆ, ನನ್ನ ಕೆಲಸವೇ ಅದು. ಬಿಟ್ಟುಕೊಂಡ ಚಕ್ರ, ಸಮ ನೆಲ, ಕಾರು ಉರುಳುವುದಿಲ್ಲ. ನಿಲ್ಲಿ ಬಾವ, ಹೀಗೇ ನಿಲ್ಲಿ, ಕತ್ತಲಾಗುವ ತನಕ ನಿಲ್ಲಿ, ಜನ ನೋಡಲಿ — ಕೈ ತೆಗೆದರು. ನನ್ನಿಂದ ಆಗುದಿಲ್ಲ ಬೆಳ್ಯಪ್ಪ. ಸಣ್ಣ ಸ್ವರ, ಮೊಯ್ದಿನಬ್ಬನಿಗೂ ಕೇಳದಷ್ಟು. ಶೀಲಾವತಿಯನ್ನು ಕೈ ಹಿಡಿದು ಚಪ್ಪರಕ್ಕೆ ಕರ್ಕೊಂಡು ಬರ್ಲಿಕ್ಕೆ ಸೋದರಮಾವ ಅಂತ ಇರುದು ನೀನೊಬ್ಬನೇ, ಇದನ್ನೂ ನೀನೇ ಮಾಡು, ಇಲ್ಲದಿದ್ದರೆ ಬಿಡು, ಇಲ್ಲೇ ನಿಲ್ಲಲಿ, ನಾನು ಎಲ್ಲರ ಎದುರು ಹೇಳಿ ಹೋಗ್ತೇನೆ, ಮಾತು ಸುಳ್ಳು ಅಂತ.

ಹೇಳಲಿ, ಅದೇ ಬೇಕಾದ್ದು, ಹೇಳಿದರೆ ನಾನು ಗೆದ್ದೆ, ಹುಡುಗಿ ಮುಗಿದಳು, ದೂಡಿದರೆ ಹುಡುಗಿ ಗೆದ್ದಳು, ನಾನು ಸಾಯುವ ತನಕ ಕುಡುಕ ಡ್ರೈವರ, ಬಾಯಿ ತೆರೆಯಲಿ ಅವರು, ತೆರೆಯುತ್ತಿದ್ದಾರೆ, ಜನರ ಕಡೆಗೆ ತಿರುಗಿದ್ದಾರೆ, ಮಸಿ ಹಿಡಿದ ನನ್ನ ಎರಡು ಕೈ ಕಾರಿನ ಮೇಲೆ ಯಾವಾಗ ಹೋಯಿತು, ತಗಡು ತಣ್ಣಗಿದೆ, ನಾನು ದೂಡುತ್ತಿದ್ದೇನೋ ಹಿಡಿದು ನಿಲ್ಲಿಸುತ್ತಿದ್ದೇನೋ, ಕೆಳಗೆ ಚಕ್ರ ಒಂದು ಕಲ್ಲಿನಷ್ಟು ಅಲುಗಿತೋ, ಕೆಂಪು ಇಳಿಜಾರು, ದೋಣಿಯವನ ಎತ್ತಿದ ಕೈ, ಬಲ ಹೆಗಲ ಮೇಲೆ ಭಾರ, ಅಕ್ಕ ಹೆದರಿ ಹಿಡಿದದ್ದೆಂದೇ ಇಷ್ಟು ವರ್ಷ ನಂಬಿದ್ದೆ — ಹಿಡಿದವಳ ಬೆರಳು ಒಳಕ್ಕೆ ಬಾಗುತ್ತದೆ, ಅವಳದು ಬಾಗಿರಲಿಲ್ಲ, ಅಂಗೈ ಅಗಲ ಬಿಚ್ಚಿ ಸುಮ್ಮನೆ ಇಟ್ಟದ್ದು, ಸಣ್ಣವನಿದ್ದಾಗ ಜ್ವರ ಬಂದರೆ ಇಡುತ್ತಿದ್ದ ಹಾಗೆ, ಇರಲಿ ತಮ್ಮಾ ಎನ್ನುವ ಹಾಗೆ, ಐದು ಬೆರಳು, ಹೆಬ್ಬೆರಳಿಗೆ ಸುಣ್ಣ, ಬೆಳ್ಳಗೆ, ಗೆರೆ ಸಹಿತ, ಬೆಳ್ಳಗೆ —